ಸೌಂಡ್ ಚೆಕ್‌ನಲ್ಲಿ ಕೇಳಿದ ಒಂದು ಸಾಲು

ಕರ್ನಾಟಕದ ಕಾಲೇಜುಗಳಲ್ಲಿ ಬ್ಯಾಂಡ್ ಕಟ್ಟಿಕೊಂಡಿರುವ ಎಲ್ಲ ಗೆಳೆಯ ಗೆಳತಿಯರಿಗೆ,



ಈ ಪತ್ರ ನಿಮ್ಮೆಲ್ಲರಿಗೂ ಹೌದು. ಆದರೆ ನನ್ನನ್ನು ಬರೆಯಲು ಕೂರಿಸಿದ್ದು ನಿಮ್ಮಲ್ಲಿ ನಾಲ್ಕು ಜನ.

ಕೆಲವು ತಿಂಗಳ ಹಿಂದೆ ಉತ್ತರ ಕರ್ನಾಟಕದ ಒಂದು ಊರಿನ ಕಾಲೇಜ್ ಫೆಸ್ಟಿಗೆ, ಬ್ಯಾಂಡ್ ಸ್ಪರ್ಧೆಯ ತೀರ್ಪುಗಾರನಾಗಿ ಹೋಗಿದ್ದೆ. ಮಧ್ಯಾಹ್ನ ಎರಡೂವರೆಯ ಬಿಸಿಲು. ನೆರಳಿಗೆಂದು ವೇದಿಕೆಯ ಹಿಂದೆ, ಜನರೇಟರ್ ನಿಲ್ಲಿಸಿದ್ದ ಲಾರಿಯ ಪಕ್ಕ ಕೂತಿದ್ದೆ. ಮೇಲೆ ನೀವು ನಾಲ್ವರು ಸೌಂಡ್ ಚೆಕ್ ಮಾಡುತ್ತಿದ್ದಿರಿ. ಮೈಕ್‌ಸೆಟ್ಟಿನವರು ಡ್ರಮ್ಮಿನ ಮೈಕುಗಳನ್ನು ಒಂದೊಂದಾಗಿ ಸರಿಮಾಡುವ ತನಕ ನಿಮಗೆ ಬೇರೆ ಕೆಲಸ ಇರಲಿಲ್ಲ. ಆಗ ಗಿಟಾರ್ ಹಿಡಿದಿದ್ದ ಹುಡುಗಿ ಒಂದು ರಿಫ್ ಎತ್ತಿಕೊಂಡಳು. ಕೆಳಗಿನ ತಂತಿಯ ಮೇಲೆ ಅಂಗೈ ಒತ್ತಿ ನುಡಿಸುವ, ಉಸಿರು ಕಟ್ಟಿ ಬಿಟ್ಟಂಥ ರಿಫ್. ಬೇಸ್ ಸೇರಿತು. ಡ್ರಮ್ಮರ್ ಯಾರನ್ನೂ ಕೇಳದೆ ಕೋಲು ಎತ್ತಿಕೊಂಡ. ಹಾಡುವ ಹುಡುಗ ಒಂದೇ ಒಂದು ಸಾಲು ಹಾಡಿದ: ‘ಕಟ್ಟಕಡೆಯಾ ಬಸ್ಸು ತಪ್ಪಿತು.’

ನಾನು ದಡಕ್ಕನೆ ಎದ್ದು ವೇದಿಕೆಯ ಮುಂದಕ್ಕೆ ಬಂದೆ. ನನ್ನ ಕೊರಳಲ್ಲಿದ್ದ ತೀರ್ಪುಗಾರರ ಬ್ಯಾಡ್ಜ್ ಕಂಡದ್ದೇ ನೀವು ನಿಲ್ಲಿಸಿಬಿಟ್ಟಿರಿ. ಮಕ್ಕಳು ಗೋಡೆಯ ಮೇಲೆ ಬರೆಯುತ್ತಿರುವಾಗ ದೊಡ್ಡವರು ಬಂದರೆ ಹೇಗೆ ಕೈ ಹಿಂದಕ್ಕೆ ಹೋಗುತ್ತದೋ ಹಾಗೆ. ಸಂಜೆ ಸ್ಪರ್ಧೆಯಲ್ಲಿ ಪಿಂಕ್ ಫ್ಲಾಯ್ಡ್‌ನ ‘ಮನಿ’ ನುಡಿಸಿದಿರಿ. ಎರಡನೇ ಬಹುಮಾನ ಬಂತು. ಆ ಬಹುಮಾನಕ್ಕೆ ಅಂಕ ಹಾಕಿದವರಲ್ಲಿ ನಾನೂ ಒಬ್ಬ.

ಅವತ್ತು ಏಳು ಬ್ಯಾಂಡ್‌ಗಳು ನುಡಿಸಿದವು. ಏಳೂ ಬೇರೆಯವರ ಹಾಡುಗಳು. ನನ್ನ ಕೈಯಲ್ಲಿದ್ದ ಹಾಳೆಯಲ್ಲಿ ಐದು ಕಲಂ ಇದ್ದವು. ಸ್ವಂತ ಹಾಡಿಗೆ ಅಂತ ಒಂದೂ ಇರಲಿಲ್ಲ. ಬೆಳಿಗ್ಗೆಯೇ ಪೆನ್ನಿನಿಂದ ಗೆರೆ ಎಳೆದು ಆರನೆಯದೊಂದನ್ನು ಸೇರಿಸಿ ಎಲ್ಲ ಬ್ಯಾಂಡ್‌ಗಳಿಗೂ ಹೇಳಬಹುದಿತ್ತು. ಮಧ್ಯಾಹ್ನ ನಿಮ್ಮೆದುರು ನಿಂತಾಗ ‘ನಿಲ್ಲಿಸಬೇಡಿ’ ಎನ್ನಬಹುದಿತ್ತು. ತೀರ್ಪುಗಾರ ಸ್ಪರ್ಧಿಗಳ ಜೊತೆ ಮಾತಾಡಬಾರದೆಂಬ ನಿಯಮವನ್ನು ಪಾಲಿಸಿ ಸುಮ್ಮನೆ ಕುರ್ಚಿಗೆ ಹೋಗಿ ಕೂತೆ. ಆ ಮೌನ ಅವತ್ತಿನಿಂದ ನನ್ನನ್ನು ಬಿಟ್ಟಿಲ್ಲ. ಅದಕ್ಕೇ ಈ ಪತ್ರ.

ನನಗೆ ಈಗ ಐವತ್ತು ದಾಟಿದೆ. ಮೂವತ್ತು ವರ್ಷಕ್ಕೂ ಹೆಚ್ಚು ಬೇಸ್ ಗಿಟಾರ್ ನುಡಿಸಿದ್ದೇನೆ. ಬೆಳೆದದ್ದು ಬೆಂಗಳೂರಿನ ರಾಜಾಜಿನಗರದಲ್ಲಿ, ಕೈಗಾರಿಕಾ ವಸಾಹತಿಗೆ ಹತ್ತಿರ. ಸಣ್ಣ ಸಣ್ಣ ಶೆಡ್ಡುಗಳಲ್ಲಿ ಲೇತು, ಪ್ರೆಸ್ಸು, ಗ್ರೈಂಡಿಂಗ್ ಯಂತ್ರಗಳು. ಶಾಲೆಗೆ ಹೋಗುವ ದಾರಿಯುದ್ದಕ್ಕೂ ಕಬ್ಬಿಣ ಕಬ್ಬಿಣವನ್ನು ತಟ್ಟುವ ಸದ್ದು. ಅಪ್ಪ ಒಂದು ಕಾರ್ಖಾನೆಯಲ್ಲಿ ಪ್ರೆಸ್ ಆಪರೇಟರ್. ನಾನು ಮೂರನೇ ಕ್ಲಾಸಿನಲ್ಲಿದ್ದಾಗ ಅವರ ಎಡಗೈ ತೋರುಬೆರಳಿನ ತುದಿ ಆ ಪ್ರೆಸ್ಸಿಗೆ ಸಿಕ್ಕಿ ಹೋಗಿತ್ತು. ಮನೆಯಲ್ಲಿ ಅದರ ಬಗ್ಗೆ ಯಾರೂ ಮಾತಾಡುತ್ತಿರಲಿಲ್ಲ.

1986ರಲ್ಲಿ ಅಪ್ಪನ ಶಿಫ್ಟಿನಲ್ಲಿದ್ದ ಒಬ್ಬ ಫಿಟರ್, ಫ್ರೇಜರ್ ಟೌನಿನ ಆಂಗ್ಲೋ-ಇಂಡಿಯನ್, ನಮ್ಮ ಮನೆಗೆ ಬಂದಾಗ ನನ್ನ ಕೈಗೆ ಒಂದು ಕ್ಯಾಸೆಟ್ ಕೊಟ್ಟರು. ಬ್ಲ್ಯಾಕ್ ಸಬ್ಬತ್ ತಂಡದ ‘ಪ್ಯಾರನಾಯ್ಡ್’, 1970ರ ಆಲ್ಬಂ. ಅವರು ಹೋದ ಮೇಲೆ ಹಾಕಿ ಕೇಳಿದೆ. ನನಗೆ ಒಂದು ಪದ ಅರ್ಥವಾಗಲಿಲ್ಲ. ಆದರೆ ಆ ಸದ್ದು ಗೊತ್ತಿತ್ತು. ದಿನಾ ಬೆಳಿಗ್ಗೆ ಆ ಶೆಡ್ಡುಗಳ ಮುಂದೆ ಹಾದುಹೋಗುವಾಗ ಎದೆಯೊಳಕ್ಕೆ ಇಳಿಯುತ್ತಿದ್ದ ಸದ್ದು ಅದು. ಯಾರೋ ಅದಕ್ಕೆ ಲಯ ಕೊಟ್ಟು, ಶ್ರುತಿ ಕೊಟ್ಟು, ಇದು ನಿಂದೇ, ತಗೋ ಎಂದು ವಾಪಸ್ ಕೊಟ್ಟಂತಾಯಿತು.

ಮುಂದಿನ ಭಾನುವಾರ ಆ ಫಿಟರ್ ಮತ್ತೆ ಬಂದರು. ಕ್ಯಾಸೆಟ್ಟಿನ ಕತೆ ಹೇಳಿದ್ದು ಆಗಲೇ. ಸಬ್ಬತ್ತಿನ ಗಿಟಾರಿಸ್ಟ್ ಟೋನಿ ಅಯೋಮಿ ಬರ್ಮಿಂಗ್‌ಹ್ಯಾಮ್ ಊರಿನವನು. ತಗಡಿನ ಕಾರ್ಖಾನೆಯಲ್ಲಿ ಕೆಲಸಕ್ಕಿದ್ದ. ಹದಿನೇಳರ ವಯಸ್ಸು. ಕೆಲಸ ಬಿಡುವ ದಿನವೇ ಯಂತ್ರಕ್ಕೆ ಎರಡು ಬೆರಳಿನ ತುದಿ ಹೋದವು. ಇನ್ನು ಗಿಟಾರ್ ಆಗದು ಎಂದರು ಎಲ್ಲರೂ. ಆತ ಪ್ಲಾಸ್ಟಿಕ್ ಬಾಟಲಿ ಕರಗಿಸಿ, ಬೆರಳಿಗೆ ಟೊಪ್ಪಿಗೆ ಮಾಡಿ, ಅದರ ಮೇಲೆ ಚರ್ಮ ಅಂಟಿಸಿಕೊಂಡು ನುಡಿಸಿದ. ತಂತಿ ಒತ್ತಲು ನೋವಾಗದಿರಲೆಂದು ತೆಳು ತಂತಿ ಹಾಕಿದ. ಮುಂದೆ ಶ್ರುತಿಯನ್ನೂ ಕೆಳಗಿಳಿಸಿದ. ಇಡೀ ಹೆವಿ ಮೆಟಲ್ ಸಂಗೀತದ ಆ ಭಾರವಾದ, ಮಂದ್ರದ ನಾದಕ್ಕೆ ಆ ಗಾಯದ್ದೂ ಒಂದು ಪಾಲಿದೆ.

ಅಪ್ಪ ಕಾಫಿ ಲೋಟ ಹಿಡಿದುಕೊಂಡು ಕೇಳುತ್ತಿದ್ದರು. ಬಹಳ ಹೊತ್ತಾದ ಮೇಲೆ ಒಂದೇ ಪ್ರಶ್ನೆ ಕೇಳಿದರು: “ಯಾವ ಕೈ?”

“ಬಲಗೈ. ಆದ್ರೆ ಅವನು ಎಡಚ. ತಂತಿ ಒತ್ತೋದು ಆ ಕೈಲೇ.”

ಅಪ್ಪ ತಮ್ಮ ಎಡಗೈಯನ್ನು ತಿರುಗಿಸಿ ನೋಡಿಕೊಂಡರು. ಮುಂದೆ ಮಾತಾಡಲಿಲ್ಲ.

ಒಂದು ವರ್ಷದ ಮೇಲೆ ನನಗೊಂದು ಸೆಕೆಂಡ್‌ಹ್ಯಾಂಡ್ ಗಿಟಾರ್ ಸಿಕ್ಕಿತು. ಕಲ್ಕತ್ತಾದಲ್ಲಿ ಮಾಡಿದ ಗಿವ್ಸನ್. ತಂತಿಗಳು ಫ್ರೆಟ್ಟಿನಿಂದ ಎಷ್ಟು ಮೇಲಿದ್ದವೆಂದರೆ ಒತ್ತಿ ಒತ್ತಿ ಬೆರಳು ಸೀಳಿ ರಕ್ತ ಬರುತ್ತಿತ್ತು. ಒಂದು ರಾತ್ರಿ ಎರಡನೇ ಶಿಫ್ಟ್ ಮುಗಿಸಿ ಬಂದ ಅಪ್ಪ ದೀಪ ಹಚ್ಚಿ, ಗಿಟಾರನ್ನು ಮಡಿಲಲ್ಲಿಟ್ಟುಕೊಂಡು, ತಂತಿ ಕೂರುವ ಪಟ್ಟಿಯನ್ನು ಸಣ್ಣ ಅರದಿಂದ ಉಜ್ಜತೊಡಗಿದರು. ಸ್ವಲ್ಪ ಉಜ್ಜುವುದು, ತಂತಿ ಕೂರಿಸಿ ಕಣ್ಣಳತೆಯಲ್ಲಿ ನೋಡುವುದು, ಮತ್ತೆ ಉಜ್ಜುವುದು. ಒಂದು ಕೂದಲೆಳೆ ಹೆಚ್ಚಾಗಿದ್ದರೂ ತಂತಿ ಜರ್ ಎನ್ನುತ್ತಿತ್ತು. ಅವರ ಕೈ ತಪ್ಪಲಿಲ್ಲ. ಅಪ್ಪ ರಾಕ್ ಸಂಗೀತವನ್ನು ಇಷ್ಟಪಟ್ಟರೆಂದು ಹೇಳಲಾರೆ. ಆದರೆ ಆ ರಾತ್ರಿಯಿಂದ ನನ್ನ ಸಂಗೀತದಲ್ಲಿ ಅವರ ಕೈಯಿದೆ.

ಆ ದಿನಗಳಲ್ಲಿ ಬೆಂಗಳೂರು ಎರಡು ಊರುಗಳಾಗಿತ್ತು. ನಮ್ಮದು ಒಂದು, ದಂಡು ಪ್ರದೇಶ ಇನ್ನೊಂದು. ನಮ್ಮ ಕಡೆಯ ಕ್ಯಾಸೆಟ್ ಅಂಗಡಿಯಲ್ಲಿ ರಾಜ್‌ಕುಮಾರ್ ಹಾಡು, ದೇವರನಾಮ, ಭಾವಗೀತೆ. ರಾಕ್ ಬೇಕಿದ್ದರೆ ಬಿ.ಟಿ.ಎಸ್. ಬಸ್ಸು ಹತ್ತಿ ಬ್ರಿಗೇಡ್ ರಸ್ತೆಯ ಕಡೆ ಹೋಗಬೇಕು. ಅಲ್ಲಿ ಈ ಸಂಗೀತಕ್ಕೆ ಹಳೆಯ ಬೇರಿತ್ತು. ಅರವತ್ತರ ದಶಕದಲ್ಲೇ ಕೊಡಗು ಮೂಲದ ಬಿದ್ದು ಅಪ್ಪಯ್ಯ ಬೆಂಗಳೂರಿನಲ್ಲಿ ಟ್ರೋಜನ್ಸ್ ಎಂಬ ಬ್ಯಾಂಡ್ ಕಟ್ಟಿ, ಆಮೇಲೆ ಲಂಡನ್ನಿಗೆ ಹೋಗಿ ದೊಡ್ಡ ಹೆಸರಾದವರು. ಎಂಬತ್ತರ ದಶಕದ ಕೊನೆಗೆ ಮಿಲೆನಿಯಂ ತಂಡ ಹೆವಿ ಮೆಟಲ್ ನುಡಿಸುತ್ತಿತ್ತು. ಆ ಕಡೆಯ ಹುಡುಗರಿಗೆ ಈ ಹಾಡುಗಳ ಇಂಗ್ಲಿಷ್ ಮನೆಮಾತು. ನಾನು ಪದಗಳನ್ನು ಕನ್ನಡ ಲಿಪಿಯಲ್ಲಿ ಬರೆದುಕೊಂಡು ಕಲಿತೆ. ಟೇಪ್ ರೆಕಾರ್ಡರಿನ ಬ್ಯಾಟರಿ ಇಳಿದಂತೆಲ್ಲ ಕ್ಯಾಸೆಟ್ ನಿಧಾನವಾಗಿ ಓಡಿ ಶ್ರುತಿ ಕೆಳಗೆ ಬರುತ್ತಿತ್ತು. ಹಾಗಾಗಿ ಎಷ್ಟೋ ಹಾಡುಗಳನ್ನು ಅರ್ಧ ಸ್ವರ ಕೆಳಗೇ ಕಲಿತಿದ್ದೆ. ಮೊದಲ ಬಾರಿ ದಂಡಿನ ಕಡೆಯ ಹುಡುಗರ ಜೊತೆ ನುಡಿಸಲು ಕೂತಾಗ ಎಲ್ಲರ ಶ್ರುತಿ ಒಂದು, ನನ್ನದು ಒಂದು. ಅಲಹಾಬಾದಿನಿಂದ 1993ರಲ್ಲಿ ‘ರಾಕ್ ಸ್ಟ್ರೀಟ್ ಜರ್ನಲ್’ ಶುರುವಾದಾಗ ಅದರ ಒಂದೊಂದು ಸಂಚಿಕೆಯನ್ನೂ ಪಾಠದಂತೆ ಓದಿದೆ. ಮೇಘಾಲಯದಲ್ಲಿ, ಗೋವಾದಲ್ಲಿ, ಕೇರಳದಲ್ಲಿ ನನ್ನಂಥವರು ಇದ್ದಾರೆಂದು ತಿಳಿದದ್ದು ಆ ಪತ್ರಿಕೆಯಿಂದ.

ಹೊಟ್ಟೆಪಾಡಿಗೆ ಆರ್ಕೆಸ್ಟ್ರಾದಲ್ಲಿ ನುಡಿಸಿದೆ. ಗಣೇಶನ ಹಬ್ಬ, ಅಣ್ಣಮ್ಮನ ಉತ್ಸವ, ನವೆಂಬರ್ ತಿಂಗಳಿಡೀ ರಾಜ್ಯೋತ್ಸವ. ನಿಮ್ಮಲ್ಲಿ ಯಾರಾದರೂ ಆರ್ಕೆಸ್ಟ್ರಾದಲ್ಲಿ ನುಡಿಸುತ್ತಿದ್ದರೆ ಅದನ್ನು ಮುಚ್ಚಿಡಬೇಡಿ. ಇಳಯರಾಜಾ ಅವರ ಬೇಸ್ ಲೈನುಗಳನ್ನು ರಾತ್ರಿ ಎರಡು ಗಂಟೆಯ ತನಕ ನುಡಿಸಿದವನಿಗೆ ಬೇರೆ ಶಾಲೆ ಬೇಕಿಲ್ಲ. ಶಂಕರ್‌ನಾಗ್ ಅವರ ‘ಗೀತಾ’ ಚಿತ್ರಕ್ಕೆ ಇಳಯರಾಜಾ ಮಾಡಿದ ಹಾಡುಗಳನ್ನು ಇವತ್ತು ಮತ್ತೆ ಹಾಕಿಕೊಂಡು ಬೇಸ್ ಒಂದನ್ನೇ ಹಿಂಬಾಲಿಸಿ ನೋಡಿ. 1981ರ ಚಿತ್ರ ಅದು.

ಆದರೆ ನಮ್ಮ ಬ್ಯಾಂಡು ಮಾತ್ರ ಹನ್ನೆರಡು ವರ್ಷ ಬೇರೆಯವರ ಹಾಡುಗಳನ್ನೇ, ಅಂದರೆ ಕವರ್‌ಗಳನ್ನೇ ನುಡಿಸಿತು. ಡೀಪ್ ಪರ್ಪಲ್, ಸಬ್ಬತ್, ಐರನ್ ಮೇಡನ್. ಚೆನ್ನಾಗಿಯೇ ನುಡಿಸುತ್ತಿದ್ದೆವು. ‘ಥೇಟ್ ಕ್ಯಾಸೆಟ್ ಕೇಳಿದ ಹಾಗೇ ಇತ್ತು’ ಎಂದು ಯಾರಾದರೂ ಹೇಳಿದರೆ ಆ ವಾರವಿಡೀ ಖುಷಿ. ನಡುವೆ 1994ರಲ್ಲಿ ಒಂದು ಸ್ವಂತ ಹಾಡು ಬರೆದೆವು, ಇಂಗ್ಲಿಷಿನಲ್ಲಿ. ಅದರಲ್ಲಿ ಹಿಮ ಬೀಳುತ್ತದೆ, ಉದ್ದನೆಯ ಹೆದ್ದಾರಿಯಲ್ಲಿ ಒಬ್ಬ ಒಂಟಿಯಾಗಿ ಕಾರು ಓಡಿಸುತ್ತಾನೆ. ನಮ್ಮ ಐವರಲ್ಲಿ ಹಿಮ ಕಂಡವರಿರಲಿಲ್ಲ, ಕಾರು ಇದ್ದವರೂ ಇರಲಿಲ್ಲ. ರಾಜಾಜಿನಗರದಲ್ಲಿ ಹಾಡಾಗುವಂಥದ್ದು ಏನೂ ಇಲ್ಲವೆಂದು ಆಗ ನಾವು ಮನಸಾರೆ ನಂಬಿದ್ದೆವು. ತಗಡಿನ ಶೆಡ್ಡುಗಳು, ಅಪ್ಪನ ಬೆರಳು, ಎರಡನೇ ಶಿಫ್ಟಿನ ಸೈರನ್ನು ಎಲ್ಲವೂ ಕಣ್ಣೆದುರೇ ಇದ್ದವು. ಬರ್ಮಿಂಗ್‌ಹ್ಯಾಮಿನ ಕಾರ್ಖಾನೆ ಹುಡುಗರ ಹಾಡನ್ನು ಹಾಡುತ್ತ ನಮ್ಮ ಕಾರ್ಖಾನೆಯನ್ನು ಮರೆತಿದ್ದೆವು. ನನ್ನ ಬದುಕಿನ ದೊಡ್ಡ ವಿಷಾದ ಅದು.

ಆ ನಂಬಿಕೆಯನ್ನು ಅಲ್ಲಾಡಿಸಿದ್ದು ಬೇರೆಯವರು. ಕ್ರೈಸ್ಟ್ ಕಾಲೇಜಿನಲ್ಲಿ 1996ರಲ್ಲಿ ಶುರುವಾದ ಥರ್ಮಲ್ ಅಂಡ್ ಎ ಕ್ವಾರ್ಟರ್ ತಂಡ ತಮ್ಮವೇ ಹಾಡುಗಳನ್ನು ಪಟ್ಟುಹಿಡಿದು ನುಡಿಸುತ್ತಿತ್ತು. 2001ರಲ್ಲಿ ಡೀಪ್ ಪರ್ಪಲ್ ಬೆಂಗಳೂರಿಗೆ ಬಂದಾಗ ಅವರಿಗಿಂತ ಮೊದಲು ವೇದಿಕೆ ಹತ್ತಿದ್ದು ಇದೇ ಹುಡುಗರು. ನಾನು ಜನರ ನಡುವೆ ನಿಂತಿದ್ದೆ. ಡೀಪ್ ಪರ್ಪಲ್ ತಂಡದ ಪ್ರತಿ ಹಾಡೂ ನನ್ನ ಬೆರಳುಗಳಿಗೆ ಬಾಯಿಪಾಠ. ಆ ವಿದ್ಯೆಗೆ ಆ ವೇದಿಕೆಯಲ್ಲಿ ಕೆಲಸವೇ ಇರಲಿಲ್ಲ; ಆ ಹಾಡುಗಳ ಒಡೆಯರೇ ಬಂದಿದ್ದರಲ್ಲ. ಅಲ್ಲಿ ಜಾಗ ಇದ್ದದ್ದು ಸ್ವಂತ ಹಾಡು ಇದ್ದವರಿಗೆ. ಇಷ್ಟು ಸರಳವಾದ ವಿಷಯ ನನಗೆ ಹೊಳೆಯಲು ಅಷ್ಟು ವರ್ಷ ಬೇಕಾಯಿತು. ನಿಮಗೆ ಬೇಡ.

ಬೆಂಗಳೂರಿನ ಅರಮನೆ ಮೈದಾನದ ಎರಡು ರಾತ್ರಿಗಳ ಬಗ್ಗೆಯೂ ಹೇಳಬೇಕು. 2005ರಲ್ಲಿ ಅಲ್ಲಿ ಸಿ. ಅಶ್ವತ್ಥ್ ‘ಕನ್ನಡವೇ ಸತ್ಯ’ ನಡೆಸಿದರು. ಕಣ್ಣು ಹಾಯುವ ತನಕ ಜನ. ಕವಿತೆಗಳನ್ನು, ತತ್ವಪದಗಳನ್ನು ಆ ಒರಟು ಕಂಠದಲ್ಲಿ ಎತ್ತಿ ಎಸೆಯುತ್ತಿದ್ದರೆ ಇಡೀ ಮೈದಾನ ಹಿಡಿದು ಹಾಡುತ್ತಿತ್ತು. ಎರಡು ವರ್ಷದ ನಂತರ, 2007ರ ಮಾರ್ಚ್ 17ರಂದು, ಅದೇ ಮೈದಾನದಲ್ಲಿ ಐರನ್ ಮೇಡನ್. ಭಾರತದಲ್ಲಿ ಅವರ ಮೊದಲ ಕಾರ್ಯಕ್ರಮ. ದೇಶದ ಮೂಲೆ ಮೂಲೆಯಿಂದ ಹುಡುಗರು ರೈಲಿನಲ್ಲಿ ಬಂದಿದ್ದರು. ಆ ರಾತ್ರಿಯೂ ಇಡೀ ಮೈದಾನ ಹಾಡಿತು. ಎರಡೂ ರಾತ್ರಿ ಅಲ್ಲಿದ್ದವನು ನಾನು. ಎರಡೂ ರಾತ್ರಿ ಎದೆಗೂಡು ಒಂದೇ ರೀತಿ ನಡುಗಿತು. ಮೊದಲ ರಾತ್ರಿಯ ಭಾಷೆಯನ್ನೂ ಎರಡನೇ ರಾತ್ರಿಯ ಸದ್ದನ್ನೂ ಒಟ್ಟಿಗೆ ಇಡಬಹುದೆಂಬ ಆಸೆ ಹುಟ್ಟಿದ್ದು ಆಗ.

‘ಕನ್ನಡ ರಾಕ್‌ಗೆ ಒಗ್ಗುವುದಿಲ್ಲ ಸರ್’ ಎಂದು ನಿಮ್ಮಲ್ಲಿ ಹಲವರು ನನಗೆ ಹೇಳಿದ್ದೀರಿ. ಕಾರಣ ಕೇಳಿದರೆ, ಇಂಗ್ಲಿಷ್ ಪದ ಗಟ್ಟಿ ವ್ಯಂಜನದಲ್ಲಿ ಕತ್ತರಿಸಿದಂತೆ ಮುಗಿಯುತ್ತದೆ, ಕನ್ನಡದ ಪದಗಳೆಲ್ಲ ಸ್ವರದಲ್ಲಿ ಮುಗಿದು ಮೆತ್ತಗಾಗುತ್ತವೆ ಎನ್ನುತ್ತೀರಿ. ಇದನ್ನು ನಾನು ಒಪ್ಪುವುದಿಲ್ಲ. ಸ್ವರದಲ್ಲಿ ಮುಗಿಯುವುದೆಂದರೆ ಸಾಲಿನ ಕೊನೆಯಲ್ಲಿ ಗಂಟಲು ತೆರೆದೇ ಇರುತ್ತದೆ. ಎಷ್ಟು ಹೊತ್ತು ಬೇಕೋ ಅಷ್ಟು ಹೊತ್ತು ಕೂಗನ್ನು ಎಳೆಯಬಹುದು. ಕತ್ತರಿಸುವುದು ಬೇಕೇ? ನಮ್ಮ ಒತ್ತಕ್ಷರಗಳಿವೆ. ಕಟ್ಟು, ಸುಟ್ಟ, ಹತ್ತು, ಬಿಕ್ಕು. ಹೇಳಿ ನೋಡಿ: ಪದದ ನಡುವೆ ಉಸಿರು ಒಂದು ಕ್ಷಣ ನಿಂತು ಸಿಡಿಯುತ್ತದೆ. ತಂತಿಯ ಮೇಲೆ ಅಂಗೈ ಒತ್ತಿ ಬಿಟ್ಟಾಗ ಆಗುವುದೂ ಅದೇ. ಆ ಹುಡುಗಿಯ ರಿಫ್ಫಿನ ಮೇಲೆ ‘ಕಟ್ಟಕಡೆಯಾ ಬಸ್ಸು ತಪ್ಪಿತು’ ಎಂಬ ಸಾಲು ಕೂತದ್ದು ಹೇಗೆ ಅಂತೀರಿ? ಕಟ್ಟ, ಬಸ್ಸು, ತಪ್ಪಿ. ಮೂರು ಒತ್ತು, ಮೂರು ಏಟು.

ಗಿಟಾರಿನ ಪವರ್ ಕಾರ್ಡ್ ಬಗ್ಗೆಯೂ ಒಂದು ಮಾತು. ನನ್ನಮ್ಮ ಶ್ರುತಿಪೆಟ್ಟಿಗೆ ಇಟ್ಟುಕೊಂಡು ದೇವರನಾಮ ಹಾಡುತ್ತಿದ್ದವರು. ನನ್ನ ಸಂಗೀತ ಅವರಿಗೆ ಕೊನೆಯ ತನಕ ಹಿಡಿಸಲಿಲ್ಲ, ಒಂದು ಕಾರ್ಯಕ್ರಮಕ್ಕೂ ಬರಲಿಲ್ಲ. ಆದರೆ ಒಂದು ದಿನ ನಮ್ಮ ಗಿಟಾರಿಸ್ಟ್ ನಡುಮನೆಯಲ್ಲಿ ಅಭ್ಯಾಸ ಮಾಡುತ್ತಿದ್ದಾಗ ಅಡುಗೆಮನೆಯಿಂದಲೇ ಕೇಳಿದರು: “ಬರೀ ಸ-ಪ ಬಾರಿಸ್ತಿದ್ದೀರಲ್ಲೋ, ಗಾಂಧಾರ ಎಲ್ಲಿ? ಗಾಂಧಾರ ಇಲ್ದೆ ಯಾವ ರಾಗ ಅಂತ ಹೇಗೆ ಗೊತ್ತಾಗ್ಬೇಕು?”

ಅಮ್ಮನ ಕಿವಿ ಸರಿಯಾಗಿಯೇ ಹಿಡಿದಿತ್ತು. ಪವರ್ ಕಾರ್ಡ್ ಎಂದರೆ ಷಡ್ಜ-ಪಂಚಮ, ಅಷ್ಟೇ. ತಂಬೂರಿಯ ಜೋಡಿ. ಆಂಪ್ಲಿಫೈಯರನ್ನು ಅದರ ಶಕ್ತಿ ಮೀರಿ ದುಡಿಸಿದಾಗ ನಾದದ ಅಲೆಯ ನೆತ್ತಿ ಕತ್ತರಿಸಿ ಹೋಗಿ ಹೊಸ ಹೊಸ ಸ್ವರಾಂಶಗಳು ಹುಟ್ಟುತ್ತವೆ. ನಾವು ಡಿಸ್ಟಾರ್ಷನ್ ಎನ್ನುವುದು ಇದನ್ನೇ. ಸ-ಪ ನಡುವಿನ ಸಂಬಂಧ 2:3, ಬಹಳ ಸರಳ. ಅದರಿಂದ ಹುಟ್ಟುವ ಸ್ವರಾಂಶಗಳು ಆ ಜೋಡಿಯೊಳಗೇ ಹೊಂದಿಕೊಂಡು ನಾದವನ್ನು ಇನ್ನಷ್ಟು ದಪ್ಪ ಮಾಡುತ್ತವೆ. ಗಾಂಧಾರ ಸೇರಿಸಿದಿರೋ, ಎಲ್ಲ ಕಲಸಿಹೋಗುತ್ತದೆ. ಅದಕ್ಕೇ ಡಿಸ್ಟಾರ್ಷನ್ ಹಾಕಿದ ಗಿಟಾರಿಸ್ಟ್ ಗಾಂಧಾರವನ್ನು ಬಿಟ್ಟುಕೊಡುತ್ತಾನೆ. ಯಾರಿಗೆ? ಹಾಡುವವನಿಗೆ. ಇದು ಸಂತೋಷದ ಹಾಡೋ ಸಂಕಟದ ಹಾಡೋ ಎಂಬುದನ್ನು ತೀರ್ಮಾನಿಸುವ ಸ್ವರ ಹಾಡುವ ಬಾಯಲ್ಲಿದೆ. ಆ ಬಾಯಿ ಯಾವ ಭಾಷೆಯಲ್ಲಿ ನಕ್ಕು ಅತ್ತು ಬೆಳೆದಿದೆಯೋ ಆ ಭಾಷೆಯಲ್ಲಿ ತೆರೆದಾಗ ಬರುವ ಗಾಂಧಾರವೇ ಬೇರೆ. ಆ ಮಧ್ಯಾಹ್ನ ನಾನದನ್ನು ಕೇಳಿದೆ.

ಈಗ ನಿಮ್ಮ ‘ಮನಿ’ಗೆ ಬರುತ್ತೇನೆ. 1973ರ ಆ ಹಾಡಿನ ಬೇಸ್ ಲೈನು ಏಳು ಎಣಿಕೆಯದು. ರಾಕ್ ಸಂಗೀತದಲ್ಲಿ ಸಾಮಾನ್ಯವಾಗಿ ನಾಲ್ಕರ ನಡೆ. ಏಳು ಬಂದರೆ ನುಡಿಸುವವರ ಹಣೆ ಬೆವರುತ್ತದೆ. ಅದನ್ನು ಕಟ್ಟಿದ ರೋಜರ್ ವಾಟರ್ಸ್ 2002ರಲ್ಲಿ ಬೆಂಗಳೂರಿಗೆ ಬಂದಾಗ ಅವರ ಕೈಯನ್ನೇ ನೋಡುತ್ತ ನಿಂತಿದ್ದೆ. ನೀವು ಅದನ್ನು ನುಡಿಸುವಾಗ ನಾಲ್ವರ ತುಟಿಗಳೂ ಎಣಿಸುತ್ತಿದ್ದವು. ಎರಡನೇ ಸುತ್ತಿನಲ್ಲಿ ಒಂದು ಕಡೆ ಏಳು ಹೋಗಿ ಎಂಟಾಯಿತು. ಅಂಕ ಕಳೆದೆ.

ರಾತ್ರಿ ಬೆಂಗಳೂರಿನ ಬಸ್ಸಿನಲ್ಲಿ ನಿದ್ದೆ ಬರಲಿಲ್ಲ. ನಿಮ್ಮ ಆ ಸಾಲು ತಲೆಯಲ್ಲಿ ಸುತ್ತುತ್ತಲೇ ಇತ್ತು. ಸುಮ್ಮನೆ ತೊಡೆಯ ಮೇಲೆ ತಾಳ ಹಾಕಿದೆ. ಕಟ್ಟ, ಮೂರು. ಕಡೆಯಾ, ನಾಲ್ಕು. ಬಸ್ಸು, ಮೂರು. ತಪ್ಪಿತು, ನಾಲ್ಕು. ಮೂರು-ನಾಲ್ಕು, ಮೂರು-ನಾಲ್ಕು. ಅದೂ ಏಳೇ! ಯಾರೂ ಎಣಿಸುತ್ತಿರಲಿಲ್ಲ, ಡ್ರಮ್ಮರ್ ಕಣ್ಣು ಮುಚ್ಚಿಕೊಂಡಿದ್ದ, ಒಂದು ಏಟೂ ತಪ್ಪಿರಲಿಲ್ಲ. ಹಿರಿಯೂರು ದಾಟುವ ಹೊತ್ತಿಗೆ ಇನ್ನೊಂದು ಹೊಳೆಯಿತು. ಮೂರು-ನಾಲ್ಕು ಮಾತ್ರೆಯ ಈ ನಡೆ ಭಾಮಿನಿ ಷಟ್ಪದಿಯದು. ಕುಮಾರವ್ಯಾಸ ತನ್ನ ಭಾರತವನ್ನು ಓಡಿಸಿದ್ದು ಈ ಲಯದ ಮೇಲೆ. ಗದುಗಿನ ವೀರನಾರಾಯಣನ ಗುಡಿ ನಿಮ್ಮ ಕಾಲೇಜಿನಿಂದ ಬಸ್ಸಿನಲ್ಲಿ ಒಂದೆರಡು ತಾಸಿನ ದಾರಿ.

ಇದನ್ನು ಹೇಳಿದ್ದು ನೀವು ಹಳಗಾಲಕ್ಕೆ ಹೋಗಲಿ ಎಂದಲ್ಲ. ಪ್ರಾಗ್ರೆಸಿವ್ ರಾಕ್‌ನವರು ಕಷ್ಟಪಟ್ಟು ಕಟ್ಟಿದ ಎಣಿಕೆಗಳು ನಿಮ್ಮ ನಾಲಿಗೆಯಲ್ಲಿ ಮೊದಲೇ ಇವೆ ಎಂದು ತೋರಿಸಲು. ಭೋಗ ಷಟ್ಪದಿ ಮೂರರದು, ಶರ ನಾಲ್ಕರದು, ವಾರ್ಧಕ ಐದರದು. ಜೆತ್ರೋ ಟಲ್ ತಂಡ 1969ರಲ್ಲಿ ‘ಲಿವಿಂಗ್ ಇನ್ ದ ಪಾಸ್ಟ್’ ಎಂದು ಐದರ ಎಣಿಕೆಯಲ್ಲಿ ಹಾಡು ಮಾಡಿದಾಗ ಕೇಳುವವರು ಬೆರಗಾದರು. ಜೈಮಿನಿ ಭಾರತವನ್ನು ಐದರ ನಡೆಯಲ್ಲಿ ಓದುತ್ತಿದ್ದ ಅಜ್ಜಂದಿರು ನಮ್ಮ ಊರೂರಲ್ಲಿದ್ದರು. ನಿಮ್ಮ ಡ್ರಮ್ಮರ್‌ಗಳನ್ನು ಒಂದು ಸಂಜೆ ಗಮಕ ವಾಚನಕ್ಕೆ ಕರೆದುಕೊಂಡು ಹೋಗಿ. ಹಾಗೆಯೇ ಡೊಳ್ಳಿನವರ ಪಕ್ಕ ಒಂದು ರಾತ್ರಿ ನಿಲ್ಲಿಸಿ.

ಕನ್ನಡದಲ್ಲಿ ಈ ದಾರಿ ತುಳಿದವರಿದ್ದಾರೆ. ಮೈಸೂರಿನಲ್ಲಿ ಅಂತರಾಗ್ನಿ ಕಟ್ಟಿದ ರಘು ದೀಕ್ಷಿತ್ ಶಿಶುನಾಳ ಷರೀಫರ ಪದಗಳನ್ನು ಗಿಟಾರಿನ ಮೇಲೆ ಕೂರಿಸಿ ಇಂಗ್ಲೆಂಡಿನ ತನಕ ಒಯ್ದರು. ಸ್ವರಾತ್ಮ ತಂಡ ಜನಪದದ ಮಟ್ಟುಗಳನ್ನು ಹಿಡಿದು ಹೊರಟಿತು. ಬಾಗಿಲು ತೆರೆದವರು ಅವರು, ಅವರ ಮೇಲೆ ನನಗೆ ದೊಡ್ಡ ಗೌರವ. ಆದರೆ ಒಂದು ಮಾತು ಬಿಡಿಸಿ ಹೇಳುತ್ತೇನೆ: ಈಗ ಎಷ್ಟೋ ಹೊಸ ಬ್ಯಾಂಡ್‌ಗಳು ಕನ್ನಡದಲ್ಲಿ ಹಾಡಬೇಕೆಂದ ತಕ್ಷಣ ಷರೀಫರ ಒಂದು ಪದ ಎತ್ತಿಕೊಳ್ಳುತ್ತವೆ. ಅದೂ ಕವರ್‌ ಹಾಡೇ. ಷರೀಫರು ತಮ್ಮ ಕಾಲದ ಸೋರುವ ಮನೆ, ತಮ್ಮ ಸೀಮೆಯ ಸಂತೆ ಹಾಡಿದರು. ನೀವು ನಿಮ್ಮ ಕಾಲದ ಬಸ್ ನಿಲ್ದಾಣವನ್ನು ಹಾಡಿದರೆ ಅವರ ದಾರಿಯಲ್ಲೇ ನಡೆದಂತೆ.

ದಾರಿ ಸಲೀಸಲ್ಲ, ಸುಳ್ಳು ಹೇಳುವುದಿಲ್ಲ. ಬೆಂಗಳೂರಿನಲ್ಲಿ ‘ಲೈವ್ ಬ್ಯಾಂಡ್’ ಎಂಬ ಮಾತಿಗೆ ಬಹಳ ಕಾಲ ಡ್ಯಾನ್ಸ್ ಬಾರ್ ಎಂಬ ಅರ್ಥವಿತ್ತು. ಅಂಥ ಬಾರ್‌ಗಳನ್ನು ಹದ್ದುಬಸ್ತಿನಲ್ಲಿಡಲು 2005ರಲ್ಲಿ ಬಂದ ಪರವಾನಗಿ ಆದೇಶದಲ್ಲೂ ಅದೇ ಪದ. ಗಿಟಾರ್ ಹಿಡಿದ ನಾವೂ ಅದರೊಳಗೆ ಸಿಕ್ಕಿಕೊಂಡೆವು. ಹಾಡಿನ ನಡುವೆ ದೀಪ ಹಾಕಿ ನಮ್ಮ ವಾದ್ಯಗಳ ಕರೆಂಟ್ ತೆಗೆದ ರಾತ್ರಿಗಳಿವೆ. ಸುಪ್ರೀಂ ಕೋರ್ಟು 2018ರಲ್ಲಿ ಆ ಆದೇಶವನ್ನು ಎತ್ತಿಹಿಡಿದ ಮೇಲೆ ಎಷ್ಟೋ ಜಾಗಗಳಲ್ಲಿ ಸಂಗೀತ ನಿಂತುಹೋಯಿತು. ನಮ್ಮ ಬ್ಯಾಂಡೂ ಹೀಗೇ ಚದುರಿತು.

ಹಾಗಾಗಿಯೇ ನನಗೆ ನಿಮ್ಮ ಊರುಗಳ ಮೇಲೆ ಆಸೆ. ಜರ್ಮನಿಯ ವಾಕೆನ್ ಗೊತ್ತಲ್ಲ? ಲೋಕದ ಅತಿ ದೊಡ್ಡ ಮೆಟಲ್ ಹಬ್ಬಗಳಲ್ಲಿ ಒಂದು ನಡೆಯುವುದು ಅಲ್ಲಿ. ಅದು ಪಟ್ಟಣವಲ್ಲ, ಎರಡು ಸಾವಿರದಷ್ಟು ಜನರಿರುವ, ಹಸು ಸಾಕುವ ಒಂದು ಹಳ್ಳಿ. ಅಲ್ಲಿನ ಹುಡುಗರು 1990ರಲ್ಲಿ ಶುರುಮಾಡಿದರು. ಬೆಂಗಳೂರಿನ ಕ್ರಿಪ್ಟೋಸ್ ತಂಡ 2013ರಲ್ಲಿ ಆ ಹಳ್ಳಿಗೆ ಹೋಗಿ ತಮ್ಮ ಸ್ವಂತ ಹಾಡು ನುಡಿಸಿ ಬಂತು. ಜಾತ್ರೆ ನಡೆಸುವುದು ಹೇಗೆಂದು ನಮ್ಮ ಹಳ್ಳಿಗಳಿಗೆ ಯಾರಾದರೂ ಕಲಿಸಬೇಕೆ?

ಎರಡು ಕೆಲಸದ ಮಾತು. ಅಭ್ಯಾಸದ ಕೋಣೆಯ ಗೋಡೆಗೆ ಮೊಟ್ಟೆಯ ಟ್ರೇ ಅಂಟಿಸಿದರೆ ಒಳಗಿನ ಮಾರ್ದನಿ ಅಷ್ಟಿಷ್ಟು ತಗ್ಗೀತು, ಪಕ್ಕದ ಮನೆಗೆ ಹೋಗುವ ಸದ್ದು ಕಡಿಮೆಯಾಗುವುದಿಲ್ಲ. ಸದ್ದನ್ನು ತಡೆಯುವುದು ತೂಕ: ಇಟ್ಟಿಗೆ, ಮರಳು, ಸಂದಿಲ್ಲದ ಬಾಗಿಲು. ಅದಿಲ್ಲದಿದ್ದರೆ ಪಕ್ಕದ ಮನೆಯವರ ಹತ್ತಿರ ಹೋಗಿ ನುಡಿಸುವ ಹೊತ್ತನ್ನು ಮೊದಲೇ ಹೇಳಿಬಿಡಿ. ಇನ್ನೊಂದು, ಕಿವಿ. 85 ಡೆಸಿಬೆಲ್ ಸದ್ದನ್ನು ದಿನಕ್ಕೆ ಎಂಟು ಗಂಟೆ ತಡೆಯಬಹುದೆನ್ನುತ್ತಾರೆ. ಪ್ರತಿ 3 ಡೆಸಿಬೆಲ್ ಏರಿದಂತೆ ಆ ಹೊತ್ತು ಅರ್ಧಕ್ಕೆ ಇಳಿಯುತ್ತದೆ. ಡ್ರಮ್ ಸೆಟ್ಟಿನ ಪಕ್ಕ ನಿಮಿಷಗಳ ಲೆಕ್ಕ. ಇಯರ್‌ಪ್ಲಗ್ ಹಾಕಿಕೊಳ್ಳಿ. ನನ್ನ ಎಡಗಿವಿಯಲ್ಲಿ ಹಗಲೂ ರಾತ್ರಿ ಜೀರುಂಡೆ ಕೂಗುತ್ತದೆ, ಅದು ನಿಲ್ಲುವುದಿಲ್ಲ.

2025ರ ಜುಲೈ 5ರಂದು ಬರ್ಮಿಂಗ್‌ಹ್ಯಾಮಿನ ವಿಲ್ಲಾ ಪಾರ್ಕಿನಲ್ಲಿ, ತಾವು ಬೆಳೆದ ಆಸ್ಟನ್ ಬಡಾವಣೆಯಲ್ಲೇ, ಬ್ಲ್ಯಾಕ್ ಸಬ್ಬತ್‌ನ ಮೊದಲಿನ ನಾಲ್ವರೂ ಸೇರಿ ಕೊನೆಯ ಸಲ ನುಡಿಸಿದರು. ಹಾಡುಗಾರ ಆಜಿ ಆಸ್ಬರ್ನ್‌ಗೆ ನಿಲ್ಲಲಾಗುತ್ತಿರಲಿಲ್ಲ, ಕುರ್ಚಿಯಲ್ಲಿ ಕೂತು ಹಾಡಿದ. ಹದಿನೇಳು ದಿನಕ್ಕೆ ತೀರಿಕೊಂಡ. ನಾನೂ ನಮ್ಮ ಹಳೆಯ ಡ್ರಮ್ಮರೂ ರಾತ್ರಿ ಎದ್ದು ಕೂತು ಅದನ್ನು ನೋಡಿದೆವು. ಕ್ಯಾಮೆರಾ ಅಯೋಮಿಯ ಬಲಗೈ ಹತ್ತಿರ ಹೋದಾಗ ಬೆರಳಿನ ಟೊಪ್ಪಿಗೆಗಳು ಕಂಡವು. 77ರ ವಯಸ್ಸಿನಲ್ಲೂ ಒಂದು ಸ್ವರ ಜಾರಲಿಲ್ಲ. ಅಪ್ಪ ಹೋಗಿ ಹನ್ನೊಂದು ವರ್ಷವಾಗಿತ್ತು. ಅವರು ಉಜ್ಜಿಕೊಟ್ಟ ಗಿಟಾರ್ ಗೋಡೆಗೆ ಒರಗಿಕೊಂಡಿತ್ತು. ಆ ರಾತ್ರಿಯೇ ಎರಡನೇ ಶಿಫ್ಟಿನ ಸೈರನ್ನಿನ ಮೇಲೆ ನಾನೊಂದು ಹಾಡು ಬರೆಯಲು ಶುರುಮಾಡಿದೆ, ಕನ್ನಡದಲ್ಲಿ, ಈ ವಯಸ್ಸಿನಲ್ಲಿ ಮೊದಲ ಸಲ. ಎರಡು ಚರಣ ಆಗಿದೆ.

ಇನ್ನು ಆ ನಾಲ್ವರಿಗೆ. ರಾಜಾಜಿನಗರದ ನಮ್ಮ ಮನೆಯ ಹಿಂದೆ ಅಭ್ಯಾಸದ ಕೋಣೆ ಇದೆ. ಡ್ರಮ್ ಸೆಟ್ ಇದೆ, ಎರಡು ಆಂಪ್ಲಿಫೈಯರ್ ಇವೆ. ಯಾವಾಗ ಬಂದರೂ ನಿಮ್ಮದೇ. ನೀವು ಬಾರದಿದ್ದರೆ ನಾನೇ ಬರುತ್ತೇನೆ, ಬ್ಯಾಡ್ಜ್ ಇಲ್ಲದೆ.

ಆ ಸಾಲಿನ ಮುಂದಿನದು ಏನೆಂದು ಹೇಳಿ. ಷಟ್ಪದಿಯ ಕ್ರಮದಂತೆ ಆದಿಪ್ರಾಸ ಬರಬೇಕಾದರೆ ಎರಡನೇ ಸಾಲಿನ ಎರಡನೇ ಅಕ್ಷರದ ವ್ಯಂಜನವೂ ‘ಟ್ಟ್’ ಆಗಬೇಕು. ಅದನ್ನು ನೀವು ಗಮನಿಸಿದ್ದೀರೋ, ತಾನಾಗಿ ಬಂದಿದೆಯೋ, ಬಂದೇ ಇಲ್ಲವೋ ನನಗೆ ತಿಳಿಯದು. ಅಂದಿನಿಂದ ಬಗೆಬಗೆಯಾಗಿ ಹಾಕಿ ನೋಡುತ್ತಿದ್ದೇನೆ. ಬಸ್ಸು ತಪ್ಪಿದವನು ನಿಲ್ದಾಣದ ಕಟ್ಟೆಯ ಮೇಲೆ ಕೂತನೇ? ಹೊಟ್ಟೆ ಹಸಿದಿತ್ತೇ? ಬಿಟ್ಟು ಬಂದದ್ದು ಯಾರನ್ನು?

ನಿಮ್ಮ,
ರಾಜಾಜಿನಗರದ ಒಬ್ಬ ಬೇಸ್ ಗಿಟಾರಿಸ್ಟ್